ಕೇಳಿದ ಮೇಲೆ ಸೂತಕ

ನಾದಿನಿ ಹೇಳುವ ಮಾತು, ಅರ್ಧ ಕಳೆದೇ ಕೇಳಿ ಅಂತ ನಾನೇ ಮೊದಲು ಹೇಳಿಬಿಡುತ್ತೇನೆ. ನಮ್ಮ ಅತ್ತಿಗೆ ಕಾಮಾಕ್ಷಿ ಕೆಟ್ಟ ಹೆಂಗಸಲ್ಲ. ಲಂಡನ್ನಿನ ಈ ಕಿಂಗ್ಸ್‌ಬರಿಯ ಕನ್ನಡದವರಲ್ಲಿ ಯಾರಿಗೆ ಹೆರಿಗೆಯಾದರೂ ಮೊದಲು ಹೋಗಿ ಮುಟ್ಟುವುದು ಅವಳ ಮೆಣಸಿನ ಸಾರು. ಯಾರ ಮನೆಯಲ್ಲಿ ಜ್ವರ ಬಂದರೂ ಗಂಜಿ ಅವಳದ್ದು. ಆ ಮನೆಯಲ್ಲಿ ಮಾರ್ಚಿನಲ್ಲಿ ಆದದ್ದು ಕೆಟ್ಟತನದಿಂದ ಆದದ್ದಲ್ಲ. ಅದಕ್ಕೇ ನನಗೆ ಇನ್ನೂ ಸಿಟ್ಟು. ಕೆಟ್ಟತನವಾಗಿದ್ದರೆ ಚೆನ್ನಾಗಿ ಬೈದು ಮುಗಿಸಬಹುದಿತ್ತು.

ಮನೆ ನಮ್ಮಣ್ಣ ಕೃಷ್ಣಪ್ರಸಾದನದ್ದು. ಮೈಸೂರಿನಲ್ಲಿ ಡಾಕ್ಟರಿಕೆ ಓದಿ ಇಲ್ಲಿಗೆ ಬಂದು, ಜಿಪಿ ಆಗಿ ದುಡಿದು, ಈಗ ಸೋಫಾದ ಒಂದು ಮೂಲೆ ಹಿಡಿದಿದ್ದಾನೆ. ಮಗ ಸಂದೀಪ್, ಸೊಸೆ ಗ್ರಾನ್ಯಾ, ಹೈಸ್ಕೂಲಿಗೆ ಹೋಗುವ ಮೊಮ್ಮಗಳು ಮಾನ್ಯಾ, ಎಲ್ಲ ಒಂದೇ ಸೂರಿನಡಿ. ನಾನು ನೀರಜಾ, ಅಣ್ಣನ ತಂಗಿ. ಗಂಡ ಹೋದ ಮೇಲೆ ರೇನರ್ಸ್ ಲೇನ್‌ನ ಫ್ಲಾಟಿನಲ್ಲಿ ಒಬ್ಬಳೇ. ಹಾಗಂತ ಹೆಸರಿಗೆ, ವಾರದಲ್ಲಿ ಐದು ದಿನ ಬಸ್ಸು ಹಿಡಿದು ಅಣ್ಣನ ಮನೆಗೇ ಊಟಕ್ಕೆ ಹೋಗುತ್ತೇನೆ.

ಗ್ರಾನ್ಯಾ ಐರ್ಲೆಂಡಿನ ಹುಡುಗಿ. ಅಲ್ಲಿ ಪಶ್ಚಿಮದ ಕಡೆ ಕ್ಲೂನ್‌ಬಾರಾ ಅಂತ ಒಂದು ಹಳ್ಳಿ. ಒಂದು ಚರ್ಚು, ಎರಡು ಪಬ್ಬು, ಬಾಗಿಲು ಹಾಕಿದ ಒಂದು ಪೋಸ್ಟಾಫೀಸು, ಅಷ್ಟೇ. ಚಿಕ್ಕವಳಿದ್ದಾಗಲೇ ಅಪ್ಪ ಅಮ್ಮ ಇಬ್ಬರೂ ತೀರಿಕೊಂಡರು. ಸಾಕಿದವನು ಚಿಕ್ಕಪ್ಪ ಮಾರ್ಟಿನ್. ಅವನು ಮದುವೆಯಾಗಲಿಲ್ಲ. ನಾಲ್ಕು ಹಸು ಕಟ್ಟಿಕೊಂಡು, ಈ ಹುಡುಗಿಗೆ ಜಡೆ ಹೆಣೆಯುವುದನ್ನು ಪಕ್ಕದ ಮನೆಯವಳ ಹತ್ತಿರ ಕಲಿತು, ನರ್ಸಿಂಗ್ ಓದಿಸಿ ಲಂಡನ್ನಿಗೆ ಕಳಿಸಿದ. ಅವನಿಗೆ ಇವಳು, ಇವಳಿಗೆ ಅವನು, ರಕ್ತಸಂಬಂಧ ಅಂತ ಇನ್ನೊಂದು ನರಪಿಳ್ಳೆ ಇಲ್ಲ.

ಆ ಊರಿನ ಸುದ್ದಿ ಈ ಮನೆಗೆ ಎರಡು ದಾರಿಯಲ್ಲಿ ಬರುತ್ತಿತ್ತು. ಒಂದು, ವಾರಕ್ಕೊಮ್ಮೆ ಪೋಸ್ಟಿನಲ್ಲಿ ಬರುವ ಪೇಪರ್. ಅದರಲ್ಲಿ ಒಂದೊಂದು ಹಳ್ಳಿಗೂ ಒಂದೊಂದು ಕಾಲಂ. ಕ್ಲೂನ್‌ಬಾರಾದ್ದು ಬರೆಯುವವಳು ಮಾರ್ಟಿನ್ನನ ಪಕ್ಕದ ಮನೆಯ ಟೆರೀಸಾ, ಆ ಜಡೆ ಕಲಿಸಿದವಳು. ಗ್ರಾನ್ಯಾ ಅದನ್ನು ಊಟದ ಮೇಜಿನಲ್ಲಿ ಓದಿ ಹೇಳುತ್ತಿದ್ದಳು. ಚರ್ಚಿನ ಚಾವಣಿ ಮತ್ತೆ ಸೋರುತ್ತಿದೆ. ಇಸ್ಪೀಟು ಪಂದ್ಯದಲ್ಲಿ ಇಂಥವರು ಗೆದ್ದರು. ಊರ ಕ್ಲಬ್ಬಿನ ಲಾಟರಿ ಈ ವಾರವೂ ಯಾರಿಗೂ ಹೊಡೆದಿಲ್ಲ. ಯಾರದೋ ಕಂದು ಕರು ಬೇಲಿ ಹಾರಿ ಹೋಗಿದೆ, ಕಂಡವರು ತಿಳಿಸಿ. ಅತ್ತಿಗೆ ಮೂತಿ ತಿರುಗಿಸಿಕೊಂಡು ಹುಳಿ ಬಡಿಸುತ್ತಿದ್ದಳು. ಮುಂದಿನ ವಾರ ಪೇಪರ್ ಬಂದ ಕೂಡಲೇ ಮೊದಲು ಕೇಳುವವಳೂ ಅವಳೇ: "ಅಲ್ಲಾ, ಆ ಕರು ಸಿಕ್ತಾ?"

ಎರಡನೆಯ ದಾರಿ ರೇಡಿಯೋ. ಆ ಜಿಲ್ಲೆಯ ರೇಡಿಯೋದಲ್ಲಿ ಬೆಳಗ್ಗೆ ಒಂದು ಸಲ, ಸಂಜೆ ಒಂದು ಸಲ, ಸತ್ತವರ ಹೆಸರು ಓದುತ್ತಾರೆ. ಯಾರು, ಯಾವ ಹಳ್ಳಿ, ಮನೆಯಲ್ಲಿ ಎಷ್ಟು ಹೊತ್ತಿನವರೆಗೆ ನೋಡಬಹುದು, ಚರ್ಚಿಗೆ ಯಾವಾಗ, ಮಣ್ಣು ಎಲ್ಲಿ, ಎಲ್ಲ. ಊರಿಗೆ ಊರೇ ಕಿವಿಗೊಟ್ಟು ಕೂತಿರುತ್ತದಂತೆ. ಗ್ರಾನ್ಯಾ ಮೊಬೈಲಿನಲ್ಲಿ ಅದನ್ನು ಹಾಕಿಕೊಂಡು, ಅಡುಗೆಮನೆಯಲ್ಲಿ ಮಾನ್ಯಾಳ ಡಬ್ಬಿ ಕಟ್ಟುತ್ತಿದ್ದಳು. ಅತ್ತಿಗೆ ದೇವರಿಗೆ ದೀಪ ಹಚ್ಚುವುದೂ ಅದೇ ಹೊತ್ತಿಗೆ. ಇನ್ನೇನು ಬೇಕು?

ಫೆಬ್ರವರಿಯ ಕೊನೆಯಲ್ಲಿ ಒಂದು ದಿನ ಅದು ಸಿಡಿಯಿತು. ಅಣ್ಣನಿಗೆ ಎಪ್ಪತ್ತು ತುಂಬಿತ್ತು, ಮಾರ್ಚಿನಲ್ಲಿ ಒಂದು ಭಾನುವಾರ ಭೀಮರಥ ಶಾಂತಿಯ ಹೋಮ ಅಂತ ಗೊತ್ತುಮಾಡಿದ್ದರು. ರಾತ್ರಿ ಊಟಕ್ಕೆ ಕೂತಿದ್ದೆವು. ಅವರೆಕಾಳು ಉಪ್ಪಿಟ್ಟು.

"ಸಂದೀಪ, ನಿನ್ನ ಹೆಂಡತಿಗೆ ಹೇಳಪ್ಪ. ಬೆಳಗಾಗೆದ್ದು ನಾನು ದೀಪ ಹಚ್ಚೋ ಹೊತ್ತಿಗೆ ಆ ಸತ್ತೋರ ಪಾರಾಯಣ ಬೇಡ. ಶುಭಕಾರ್ಯ ಇಟ್ಕೊಂಡಿರೋ ಮನೆ" ಅಂದಳು ಅತ್ತಿಗೆ.

"ಅವಳು ಇಲ್ಲೇ ಕೂತಿದಾಳಲ್ಲಮ್ಮ. ಅವಳಿಗೇ ಹೇಳು" ಅಂದ ಸಂದೀಪ್.

ಗ್ರಾನ್ಯಾ ಮಾತಾಡುವುದು ಇಂಗ್ಲಿಷಿನಲ್ಲಿ. ನಾನು ಕನ್ನಡದಲ್ಲಿ ಹೇಳುತ್ತಿದ್ದೇನೆ. ಅವಳು 'ಅತ್ತೆ' ಅನ್ನುವುದು ಮಾತ್ರ ಅಚ್ಚಗನ್ನಡದಲ್ಲಿ. "ಅತ್ತೆ, ಅದು ನಮ್ಮೂರಿನ ಸುದ್ದಿ ಅಷ್ಟೇ."

"ಸುದ್ದಿ ಅಂದ್ರೆ ಆ ಕರುವಿನದ್ದು ಸುದ್ದಿ. ಇದು ಅಪಶಕುನ."

ಮಾನ್ಯಾ ತಟ್ಟೆಯಿಂದ ತಲೆ ಎತ್ತದೆ, "ಬಟ್ ಅಜ್ಜಿ, ಯುವರ್ ವಾಟ್ಸಾಪ್ ಈಸ್ ಆಲ್ ಡೆಡ್ ಪೀಪಲ್ ಟೂ" ಅಂದಳು.

ಅಣ್ಣ ನಕ್ಕ. ಅತ್ತಿಗೆ ಅವನನ್ನು ಒಂದು ನೋಟ ನೋಡಿದಳು. ನಗು ನಿಂತಿತು.

ಆಗ ಗ್ರಾನ್ಯಾ ಚಮಚ ಕೆಳಗಿಟ್ಟು ಹೇಳಿದಳು. ಕ್ರಿಸ್‌ಮಸ್ಸಿಗೆ ಹೋದಾಗ ಮಾರ್ಟಿನ್ನನ ಎದೆಯಲ್ಲಿ ಕಫ ಕಟ್ಟಿ ಉಸಿರು ಎಳೆಯುತ್ತಿತ್ತಂತೆ. ಹೊರಡುವಾಗ ಅವನು ಗೇಟಿನ ತನಕ ಬಂದು ಕೈ ಹಿಡಿದುಕೊಂಡನಂತೆ. 'ನನ್ನನ್ನು ಈ ಮನೆಯಿಂದ ಎತ್ತಿ ಒಯ್ಯುವಾಗ ನೀನು ಹಿಂದೆ ನಡೆಯಬೇಕು. ಬರೀ ಪಕ್ಕದ ಮನೆಯವರ ಕೈಯಲ್ಲಿ ಹೋಗೋ ಹಾಗೆ ಮಾಡಬೇಡ' ಅಂದನಂತೆ. ಇವಳು ಮಾತು ಕೊಟ್ಟು ಬಂದಿದ್ದಳು.

"ಅವನು ಮೊಬೈಲ್ ಇಟ್ಟುಕೊಂಡಿಲ್ಲ ಅತ್ತೆ, ಮನೆ ಫೋನೂ ಸರಿಯಾಗಿ ಎತ್ತಲ್ಲ. ನಂಗೆ ದಿನಾ ಭಯ. ರೇಡಿಯೋದಲ್ಲಿ ಹೆಸರು ಬರಲಿಲ್ಲ ಅಂದ್ರೆ, ಸರಿ, ಇವತ್ತು ಇದಾನೆ ಅಂತ ಕೆಲಸಕ್ಕೆ ಹೋಗ್ತೀನಿ."

ಅತ್ತಿಗೆಯೇ ಅವಳ ತಟ್ಟೆಗೆ ಇನ್ನೊಂದು ಸೌಟು ಉಪ್ಪಿಟ್ಟು ಹಾಕಿದಳು. ಮರುದಿನವೂ ರೇಡಿಯೋ ಇತ್ತು. ಅದರ ಮರುದಿನ ಅತ್ತಿಗೆಯ ಮೂತಿಯೂ ಇತ್ತು.

ಕೊನೆಗೆ ಸಂದೀಪ್ ಪಂಚಾಯಿತಿ ಮಾಡಿದ. ಶಾಂತಿಯ ವಾರ ಒಂದು ರೇಡಿಯೋ ಬೇಡ, ಭಾನುವಾರ ಹೋಮ ಮುಗಿದ ಮೇಲೆ ಯಾವಾಗ ಬೇಕಾದರೂ ಹಾಕಿಕೊಳ್ಳಲಿ. ಏನಾದರೂ ಹೆಚ್ಚುಕಡಿಮೆ ಆದರೆ ಟೆರೀಸಾ ಫೋನ್ ಮಾಡುತ್ತಾಳಲ್ಲ.

"ಭಾನುವಾರದವರೆಗೆ" ಅಂದಳು ಗ್ರಾನ್ಯಾ. "ಅತ್ತೆಗೋಸ್ಕರ."

"ಬಂಗಾರದಂಥ ಹುಡುಗಿ" ಅಂತ ಅತ್ತಿಗೆ ನನ್ನ ಹತ್ತಿರ ಎರಡು ಮೂರು ಸಲ ಹೇಳಿದಳು. ನನ್ನ ಎದುರಿಗೆ ಹೇಳಿದರೆ ಸಾಕೇ, ಅವಳ ಎದುರಿಗೆ ಹೇಳಬಾರದೇ ಅಂತ ನಾನೂ ಕುಟುಕಿದೆ.

ಶಾಂತಿಯ ವಾರದ ಬುಧವಾರ ಫೋನ್ ಬಂತು. ಮಾರ್ಟಿನ್ನನ ಹತ್ತಿರ ಇದ್ದದ್ದು ಅಣ್ಣನ ಮನೆಯ ಲ್ಯಾಂಡ್‌ಲೈನ್ ನಂಬರ್ ಒಂದೇ. ಟೆರೀಸಾಳಿಗೆ ಸಿಕ್ಕಿದ್ದೂ ಅದೇ. ಮನೆಯಲ್ಲಿ ಅತ್ತಿಗೆ ಒಬ್ಬಳೇ, ಚಕ್ಕುಲಿ ಕರಿಯುತ್ತಿದ್ದಳು. ಹಿಟ್ಟಿನ ಕೈಯಲ್ಲೇ ಫೋನ್ ಎತ್ತಿದಳು. ಮಾರ್ಟಿನ್ ಮಂಗಳವಾರ ರಾತ್ರಿ ಹೋದ. ಹಸುಗಳಿಗೆ ಮೇವು ಹಾಕಿ ಬಂದು ಕುರ್ಚಿಯಲ್ಲಿ ಕೂತವನು ಏಳಲಿಲ್ಲ. "ಗ್ರಾನ್ಯಾಗೆ ಹೇಳ್ತೀರಾ? ಉಳಿದ ವಿವರ ಎಲ್ಲ ರೇಡಿಯೋದಲ್ಲಿ ಬರುತ್ತೆ, ಅವಳು ಹೇಗೂ ಕೇಳ್ತಾಳೆ" ಅಂದಳಂತೆ ಟೆರೀಸಾ.

"ಹೇಳ್ತೀನಿ" ಅಂದಳು ಅತ್ತಿಗೆ.

ಇದನ್ನೆಲ್ಲ ಆಮೇಲೆ ಅತ್ತಿಗೆಯೇ ಅಳುತ್ತಾ ಹೇಳಿದ್ದು. ಒಲೆ ಆರಿಸಿ ಕುಕ್ಕುರುಗಾಲಲ್ಲಿ ಕೂತಳಂತೆ. ಅಯ್ಯೋ ಪಾಪ ಅನ್ನಿಸಿತಂತೆ. ಆಮೇಲೆ ತಲೆ ಓಡಿತಂತೆ. ಈಗ ಹೇಳಿದರೆ ಹುಡುಗಿ ನಿಂತ ಕಾಲಲ್ಲಿ ಹೊರಡುತ್ತಾಳೆ, ಹಿಂದೆಯೇ ಸಂದೀಪ. ಭಾನುವಾರ ಕಲಶದ ನೀರು ಹಾಕುವವರು ಮಗ ಸೊಸೆ. ನೂರಿಪ್ಪತ್ತು ಜನಕ್ಕೆ ಕರೆ ಹೋಗಿದೆ. ಅಣ್ಣನಿಗೆ ಹೋದ ವರ್ಷ ತಾನೇ ಸ್ಟೆಂಟ್ ಹಾಕಿದ್ದರು, ಆಯುಷ್ಯಕ್ಕಾಗಿ ಮಾಡುವ ಹೋಮ ತಪ್ಪಬಾರದು ಅಂತ ಅವಳ ಜೀವ ಅದರಲ್ಲೇ ಇತ್ತು. ಅದೂ ಅಲ್ಲದೆ ಸೂತಕದ ಮಾತು.

ಪುರೋಹಿತ ರಾಮಪ್ರಸಾದನಿಗೆ ಫೋನ್ ಹಚ್ಚಿದಳು. ಅವನು ಹೌನ್ಸ್ಲೋದವನು, ವಾರವಿಡೀ ಐಟಿ, ಶನಿವಾರ ಭಾನುವಾರ ಮಡಿ. ಮೀಟಿಂಗಿನ ನಡುವೆ ಎದ್ದು ಬಂದು ಮಾತಾಡಿದನಂತೆ.

"ಒಂದು ಮಾತು ಕೇಳ್ತೀನಿ ರಾಮಪ್ರಸಾದ. ನೆಂಟರ ಪೈಕಿ ಒಂದು ಮನೇಲಿ... ಸೊಸೆಯನ್ನ ಸಾಕಿದೋರು ಹೋಗಿದಾರೆ. ಕಾರ್ಯ ಹತ್ತಿರದಲ್ಲಿದೆ. ಅವಳಿಗಿನ್ನೂ ಗೊತ್ತಿಲ್ಲ."

"ದೂರದಲ್ಲಿ ಇರೋರಿಗೆ ಸುದ್ದಿ ಕಿವಿಗೆ ಬಿದ್ದ ಮೇಲೇನೇ ಅಮ್ಮಾ ಸೂತಕ. ಗೊತ್ತಿಲ್ಲದಿದ್ದರೆ ಏನೂ ದೋಷ ಇಲ್ಲ, ಕಾರ್ಯ ಮಾಡಬಹುದು" ಅಂದ ಅವನು. ಪಾಪ, ಅವನು ಕೇಳಿದ ಪ್ರಶ್ನೆಗೆ ಉತ್ತರ ಕೊಟ್ಟ. ಯಾರ ಮನೆ ಅಂತ ಅವನಿಗೇನು ಗೊತ್ತು.

ನಮ್ಮ ಕಡೆ ಇದು ಹೊಸದೂ ಅಲ್ಲ. ಮದುವೆ ಮನೆಯಲ್ಲಿ ಸಾವಿನ ತಂತಿ ಬಂದರೆ ಯಜಮಾನ ಜೇಬಿಗೆ ಹಾಕಿಕೊಂಡು, ಧಾರೆ ಮುಗಿಸಿ, ನೆಂಟರ ಕೈಗೆ ತಾಂಬೂಲ ಕೊಟ್ಟು, ಆಮೇಲೆ ಬಾಯಿ ಬಿಡುವುದನ್ನು ನಾನೂ ನೋಡಿದ್ದೇನೆ. ಹಾಗೆ ಮಾಡಿದವರನ್ನು ಎದೆಗಾರಿಕೆಯವರು ಅಂತ ಹೊಗಳುತ್ತಾರೆ.

ಆ ರಾತ್ರಿ ಅತ್ತಿಗೆ ಅಣ್ಣನಿಗೆ ಹೇಳಿದಳು. ಅವನು ಬೆಚ್ಚಿದ. "ಹೇಳಿಬಿಡೋಣ ಕಣೇ" ಅಂದ.

"ಹೇಳೋಣ ಅಂದ್ರೆ, ಸೋಮವಾರ ಹೇಳೋಣ ರೀ. ಅವರನ್ನ ಈಗಲೇ ಮಣ್ಣು ಮಾಡಿಬಿಡ್ತಾರೆಯೇ?"

ಅಣ್ಣ ಯೋಚಿಸಿದ. "ಇಲ್ಲ, ಸ್ಲಾಟ್ ಸಿಗೋದೇ ಎರಡು ಮೂರು ವಾರಕ್ಕೆ. ಅಲ್ಲೀತನಕ ಕೋಲ್ಡ್ ರೂಮಿನಲ್ಲಿ ಇಟ್ಟಿರ್ತಾರೆ."

ನನ್ನ ಗಂಡ ಹೋದಾಗ ನಾನು ಹಾಗೇ ಕಾದಿದ್ದೆ. ಎರಡೂವರೆ ವಾರ. ಅತ್ತಿಗೆ ದಿನಾ ನನ್ನ ಪಕ್ಕದಲ್ಲೇ ಕೂತಿದ್ದಳು. ಲಂಡನ್ನಿನಲ್ಲಿ ಸಾವು ಅಂದರೆ ಹೀಗೇ, ಕ್ಯೂನಲ್ಲಿ ನಿಲ್ಲಬೇಕು. ನಲವತ್ತು ವರ್ಷ ಇಲ್ಲಿದ್ದು ಅವರಿಬ್ಬರೂ ಕಲಿತ ಪಾಠ ಅದು. ಒಂದೇ ಸಮುದ್ರ ದಾಟಿದರೆ ಆಚೆ ಬೇರೆ ಲೆಕ್ಕ ಇರಬಹುದು ಅಂತ ಇಬ್ಬರಿಗೂ ಹೊಳೆಯಲಿಲ್ಲ. ದಿನಾ ಬೆಳಗ್ಗೆ ಆ ರೇಡಿಯೋ ಅದನ್ನೇ ಒದರುತ್ತಿತ್ತು. ಕಿವಿಗೊಟ್ಟು ಕೇಳಿದ್ದರೆ ಗೊತ್ತಾಗುತ್ತಿತ್ತು.

ಗುರುವಾರ ನಾನು ಹೋದಾಗ ಅತ್ತಿಗೆ ಸೊಸೆಗೆ ಬಿಸಿಬಿಸಿ ಮೆಂತ್ಯದ ದೋಸೆ ಹುಯ್ದು ಕೊಡುತ್ತಿದ್ದಳು. "ಇನ್ನೊಂದು ಹಾಕ್ಕೋ, ಶಿಫ್ಟು ಉದ್ದ" ಅಂತ ಒತ್ತಾಯ. ತಲೆ ಸವರಿದಳು ಬೇರೆ. ಗ್ರಾನ್ಯಾ ಹೊರಡುವಾಗ ಬಾಗಿಲಲ್ಲಿ ನನ್ನ ಕಿವಿಯಲ್ಲಿ, "ನೀರಜತ್ತೆ, ರೇಡಿಯೋ ನಿಲ್ಲಿಸಿದ್ದಕ್ಕೆ ಇಷ್ಟು ಪ್ರೀತಿಯಾ? ಮೊದಲೇ ನಿಲ್ಲಿಸ್ತಿದ್ದೆ" ಅಂದಳು. ಇಬ್ಬರೂ ನಕ್ಕೆವು.

ಮಧ್ಯಾಹ್ನ ಲ್ಯಾಂಡ್‌ಲೈನ್ ಹೊಡೆದುಕೊಂಡಿತು. ಅತ್ತಿಗೆ ನಂಬರ್ ನೋಡಿ ಹಿಂದಕ್ಕೆ ಸರಿದಳು.

"ಅತ್ತಿಗೆ, ಫೋನು."

"ಬಿಡೇ, ಯಾವನೋ ಇನ್ಶೂರೆನ್ಸಿನವನು."

ನಿಂತು ಮತ್ತೆ ಹೊಡೆದುಕೊಂಡಿತು. ನಾನು ಏಳಹೋದರೆ ಕೈ ಹಿಡಿದು ಕೂರಿಸಿದಳು. ಸಂಜೆ ಮತ್ತೊಂದು ಸಲ. ಎತ್ತಿದರೆ ಸುಳ್ಳು ಹೇಳಬೇಕಾಗುತ್ತದಲ್ಲ ಅಂತ ಎತ್ತಲಿಲ್ಲವಂತೆ. ನೋಡಿ ಹೇಗಿದೆ, ಸುಳ್ಳು ಹೇಳಬಾರದು ಅನ್ನುವ ನೇಮ.

ಭಾನುವಾರ ಎಲ್ಲ ಸಾಂಗವಾಗಿ ಆಯಿತು. ದೇವಸ್ಥಾನದ ಹಿಂದಿನ ಹಾಲ್ ಜನರಿಂದ ತುಂಬಿ ಹೋಗಿತ್ತು. ಗ್ರಾನ್ಯಾ ಹಸಿರು ಮೈಸೂರು ಸಿಲ್ಕು ಉಟ್ಟು, ಕೆಂಪು ಕೂದಲಿಗೆ ಮಲ್ಲಿಗೆ ಮುಡಿದು ಓಡಾಡಿದಳು. ಅಣ್ಣ ಅತ್ತಿಗೆ ಮಣೆಯ ಮೇಲೆ ಕೂತರು, ಅಣ್ಣ ಎರಡನೆಯ ಸಲ ತಾಳಿ ಕಟ್ಟಿದ, ಹುಡುಗರು ಶಿಳ್ಳೆ ಹಾಕಿದರು. ಮಗ ಸೊಸೆ ಕಲಶದ ನೀರು ಹಾಕಿದರು. ಗ್ರಾನ್ಯಾ ಅತ್ತಿಗೆಯ ಕಣ್ಣಿಗೆ ನೀರು ಹೋಗದ ಹಾಗೆ ಹಣೆಗೆ ಕೈ ಅಡ್ಡ ಇಟ್ಟು ಹಾಕಿದಳು, ವಾರ್ಡಿನ ಮಕ್ಕಳಿಗೆ ಸ್ನಾನ ಮಾಡಿಸಿದ ಹಾಗೆ. ಆಮೇಲೆ ಕಾಲಿಗೆ ನಮಸ್ಕಾರ ಮಾಡಿದಳು. ಅತ್ತಿಗೆ ಅವಳನ್ನು ಎಬ್ಬಿಸಿ ತಬ್ಬಿಕೊಂಡು ಗೊಳೋ ಅಂತ ಅತ್ತಳು. ಸಂತೋಷಕ್ಕೆ ಅಳುತ್ತಿದ್ದಾಳೆ ಅಂದುಕೊಂಡೆವು ಎಲ್ಲ. ವಿಡಿಯೋದವನು ಹತ್ತಿರ ಹೋಗಿ ತೆಗೆದ.

ಸೋಮವಾರ ಬೆಳಗ್ಗೆ, ದೇವಸ್ಥಾನದಿಂದ ತಂದ ಪಾತ್ರೆಗಳನ್ನು ಗ್ರಾನ್ಯಾ ಒರೆಸಿಡುತ್ತಿದ್ದಳು. ಮಿಕ್ಕಿದ ಒಬ್ಬಟ್ಟು ನಾನು ಡಬ್ಬಿಗೆ ತುಂಬುತ್ತಿದ್ದೆ. ಅತ್ತಿಗೆ ಅವಳ ಕೈಯಿಂದ ಬಟ್ಟೆ ತೆಗೆದುಕೊಂಡಳು.

"ಕೂತ್ಕೋಮ್ಮ. ಒಂದು ವಿಷಯ ಹೇಳ್ಬೇಕು. ಗಟ್ಟಿ ಮನಸ್ಸು ಮಾಡ್ಕೋ. ನಿನ್ನ ಚಿಕ್ಕಪ್ಪ ಹೋಗಿಬಿಟ್ರು."

ಗ್ರಾನ್ಯಾ ಕೂರಲಿಲ್ಲ. ಕೈ ಬಾಯಿಗೆ ಹೋಯಿತು. "ಯಾವಾಗ? ಈಗಲಾ?"

"ಮಂಗಳವಾರ."

"ನಾಳೆ ಮಂಗಳವಾರ ಅತ್ತೆ." ಕಂದಮ್ಮ, ಅವಳು ಹಾಗೇ ಅಂದಳು.

"ಹೋದ ಮಂಗಳವಾರ. ಹೋಮ ಮುಗೀಲಿ ಅಂತ... ನೀನು ಗಾಬರಿ ಆಗ್ಬೇಡ, ಸಂದೀಪಂಗೆ ಹೇಳಿ ಇವತ್ತೇ ಟಿಕೆಟ್ ಮಾಡ್ಸೋಣ. ಫ್ಯೂನರಲ್ಲಿಗೆ ಇನ್ನೂ ಬೇಕಾದಷ್ಟು ದಿನ ಇದೆ. ನಿಮ್ಮಾವನೂ ಹೇಳಿದ್ರು."

ಗ್ರಾನ್ಯಾ ಹೋಗಿ ಲ್ಯಾಂಡ್‌ಲೈನ್ ಎತ್ತಿ, ಟೆರೀಸಾಳ ನಂಬರ್ ಒತ್ತಿದಳು. ಆ ಕಡೆಯಿಂದ ಮುದುಕಿಯ ದನಿ ನನಗೂ ಕೇಳುತ್ತಿತ್ತು, ಮಾತು ತಿಳಿಯುತ್ತಿರಲಿಲ್ಲ. ಗ್ರಾನ್ಯಾ ಬರೀ "ಹೂಂ" ಅನ್ನುತ್ತಿದ್ದಳು. ಫೋನ್ ಇಟ್ಟು ಗೋಡೆಗೆ ಒರಗಿ ನಿಂತಳು.

"ಶುಕ್ರವಾರ ಹನ್ನೊಂದಕ್ಕೆ ಆಗೋಯ್ತು" ಅಂದಳು. "ಗುರುವಾರ ಮನೇಲಿ ಇಟ್ಟಿದ್ರು. ಊರೆಲ್ಲ ಬಂದಿತ್ತು. ನಾನು ಯಾವ ಫ್ಲೈಟಿಗೆ ಬರ್ತೀನಿ, ಯಾರು ಏರ್‌ಪೋರ್ಟಿಗೆ ಹೋಗ್ಬೇಕು ಅಂತ ಕೇಳೋಕೆ ಟೆರೀಸಾ ಮೂರು ಸಲ ಫೋನ್ ಮಾಡಿದಳು. ಶುಕ್ರವಾರ ಪೆಟ್ಟಿಗೆ ಮುಚ್ಚದೆ ಕಾದರಂತೆ. ಪಾದ್ರಿ ಎರಡು ಸಲ ಹೇಳಿ ಕಳಿಸಿದ ಮೇಲೆ ಮುಚ್ಚಿದರಂತೆ. ಹೊತ್ತವರು ಪಕ್ಕದ ಮನೆಯವರು. ಹಿಂದೆ ನಡೆಯೋಕೆ ಮನೆಯವರು ಅಂತ ಯಾರೂ ಇಲ್ಲ."

ಶುಕ್ರವಾರ ಹನ್ನೊಂದು ಗಂಟೆಗೆ ಅವಳು ಇದೇ ಅಡುಗೆಮನೆಯಲ್ಲಿ ನನ್ನ ಪಕ್ಕ ಕೂತು ತೆಂಗಿನಕಾಯಿಗೆ ಅರಿಶಿನ ಹಚ್ಚುತ್ತಿದ್ದಳು. ಏನೋ ಹಾಡು ಗುನುಗುತ್ತಿದ್ದಳು.

"ಇಲ್ಲಿ ಮೂರು ವಾರ..." ಅಂದಳು ಅತ್ತಿಗೆ. "ನಾನು ಮೂರು ವಾರ ಅಂದ್ಕೊಂಡೆ ಕಣಮ್ಮ. ದೇವರಾಣೆ."

ಗ್ರಾನ್ಯಾ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಮೇಲೆ ಹೋಗಿ ಬ್ಯಾಗ್ ತುಂಬಿಕೊಂಡು, ಆವತ್ತೇ ಒಬ್ಬಳೇ ಹೊರಟಳು. ಸಂದೀಪ್ ಬರುತ್ತೇನೆ ಅಂದರೆ ಬೇಡ ಅಂದಳು.

ಅವಳು ಇಲ್ಲದ ಎರಡು ವಾರ ಆ ಮನೆಯಲ್ಲಿ ಯಾರಿಗೂ ಯಾರ ಮುಖವೂ ಬೇಡ. ಸಂದೀಪ್ ಮಾತು ಬಿಟ್ಟ. ತಾನೇ ಬ್ರೆಡ್ಡು ಸುಟ್ಟುಕೊಂಡು ತಿನ್ನುತ್ತಿದ್ದ. ತೊಳೆಯದ ಪಾತ್ರೆ ಸಿಂಕಿನಲ್ಲಿ ರಾಶಿ ಬಿದ್ದಿರುತ್ತಿತ್ತು. ಒಂದು ಸಂಜೆ ಅತ್ತಿಗೆ ಅವನ ಮುಂದೆ ಅನ್ನದ ತಟ್ಟೆ ಇಟ್ಟಳು.

"ಎರಡು ತುತ್ತು ತಿನ್ನೋ."

"ಬೇಡ."

"ನಾನೇನು ಬೇಕು ಅಂತ ಮಾಡಿದ್ನೇನೋ? ನಿಮ್ಮಪ್ಪನ ಆಯುಷ್ಯಕ್ಕೆ ಮಾಡಿದ್ದು."

"ಅಮ್ಮಾ, ಅವಳು ನನಗೆ ಫೋನ್ ಮಾಡಿ ಏನು ಕೇಳಿದಳು ಗೊತ್ತಾ? 'ನಿನಗೂ ಗೊತ್ತಿತ್ತಾ ಸಂದೀಪ್?' ಅಂತ. ಹದಿನಾರು ವರ್ಷ ಸಂಸಾರ ಮಾಡಿದೀನಿ. ಇಲ್ಲ ಅಂದೆ. ನಂಬಿದಳೋ ಇಲ್ವೋ ಗೊತ್ತಿಲ್ಲ." ತಟ್ಟೆ ದೂಡಿ ಅಪ್ಪನ ಕಡೆ ತಿರುಗಿದ. "ನೀವು ಡಾಕ್ಟರು! ಒಂದು ಫೋನ್ ಮಾಡಿ ಕೇಳೋಕೆ ಏನಾಗಿತ್ತು? ಫ್ಯೂನರಲ್ ಯಾವಾಗ ಅಂತ ಒಂದೇ ಒಂದು ಫೋನು?"

"ನನಗೆ ತಿಳಿದದ್ದು ಹೇಳಿದೆ ಕಣೋ" ಅಂದ ಅಣ್ಣ. ಆಯುಷ್ಯದ ಹೋಮ ಮಾಡಿಸಿಕೊಂಡ ಮನುಷ್ಯ ಎರಡು ವಾರದಲ್ಲಿ ಹತ್ತು ವರ್ಷ ಮುದುಕನಾಗಿದ್ದ.

ಮಾನ್ಯಾ ಮೆಟ್ಟಿಲ ಮೇಲೆ ಕೂತು ಕೇಳಿದಳು, "ಅಜ್ಜಿ, ಇಫ್ ಸಮ್‌ಥಿಂಗ್ ಹ್ಯಾಪನ್ಸ್ ಟು ಮಮ್, ವುಡ್ ಯು ಟೆಲ್ ಮಿ?" ಅತ್ತಿಗೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಏಪ್ರಿಲ್ ಮೊದಲ ವಾರ ಗ್ರಾನ್ಯಾ ವಾಪಸ್ಸು ಬಂದಳು. ಹಸುಗಳನ್ನು ಟೆರೀಸಾಳ ಮಗ ತೆಗೆದುಕೊಂಡ, ಮನೆಗೆ ಬೀಗ ಹಾಕಿ ಬಂದೆ ಅಂದಳು. ಅತ್ತಿಗೆ ಬೆಳಗ್ಗೆಯಿಂದ ಅಡುಗೆ ಮಾಡಿದ್ದಳು: ತಿಳಿಸಾರು, ಹುರುಳಿಕಾಯಿ ಪಲ್ಯ, ಅವಳಿಗೆ ಇಷ್ಟ ಅಂತ ಮೊಸರನ್ನಕ್ಕೆ ದಾಳಿಂಬೆ. ಎಲ್ಲರೂ ಮೇಜಿನ ಸುತ್ತ ಕೂತೆವು. ಗ್ರಾನ್ಯಾ ಬಡಿಸಿದ್ದನ್ನೆಲ್ಲ ತಿಂದಳು. ಆಸ್ಪತ್ರೆಯ ರೋಗಿ ತಿನ್ನುವ ಹಾಗೆ, ತಿನ್ನಬೇಕಲ್ಲ ಅಂತ.

ಅತ್ತಿಗೆಗೆ ತಡೆಯಲಾಗಲಿಲ್ಲ. "ಊರಿನೋರು ಏನಂದ್ರಮ್ಮ?"

"ಏನೂ ಅನ್ನಲಿಲ್ಲ. ಕೈ ಹಿಡಿದುಕೊಂಡರು. ಚಹಾ ಕೊಟ್ಟರು. ಆಮೇಲೆ ಮಳೆ ಬೆಳೆ ಮಾತಾಡಿದರು."

"ನನ್ನ... ನನ್ನನ್ನ ಬೈದ್ರಾ?"

"ನಿಮ್ಮನ್ನ ಯಾಕೆ ಬೈತಾರೆ? ನೀವು ಬುಧವಾರವೇ ನನಗೆ ಹೇಳಿದಿರಿ ಅಂದೆ."

ಸಂದೀಪ್ ತಲೆ ಎತ್ತಿದ. ಗ್ರಾನ್ಯಾ ಸಾರು ಕಲೆಸುತ್ತಲೇ ಹೇಳಿದಳು. "ಆಸ್ಪತ್ರೆಯಲ್ಲಿ ಜನ ಕಡಿಮೆ ಇತ್ತು, ರಜೆ ಕೊಡಲಿಲ್ಲ ಅಂದೆ. ಟೆರೀಸಾ ಸುಮ್ಮನೆ ನನ್ನ ಮುಖ ನೋಡಿದಳು. ಆಮೇಲೆ, ಇರಲಿ ಬಿಡು, ಎಲ್ಲರಿಗೂ ಅವರವರ ಕೆಲಸ ಅಂದಳು."

ಅಂಥ ಊರಲ್ಲಿ ಆ ಮಾತಿನ ಅರ್ಥ ಏನು ಅಂತ ನನಗೆ ಗೊತ್ತು, ನಾವೂ ಊರಿಂದಲೇ ಬಂದವರು. ಇನ್ನು ಅವಳು ಸಾಯುವ ತನಕ ಆ ಊರಿಗೆ ಅವಳು, ಸಾಕಿದವನ ಮಣ್ಣಿಗೆ ಬಾರದ ಹುಡುಗಿ. ಕರು ಕಳೆದದ್ದನ್ನೂ ನೆನಪಿಟ್ಟುಕೊಳ್ಳುವ ಜನ, ಇದನ್ನು ಮರೆಯುತ್ತಾರೆಯೇ?

"ಯಾಕೆ ಹಾಗೆ ಹೇಳಿದೆ ತಾಯಿ?" ಅಂದಳು ಅತ್ತಿಗೆ. "ನಂದು ತಪ್ಪು. ನಂದು ಅಂತ ಹೇಳ್ಬಾರದಿತ್ತಾ?"

"ಮಾನ್ಯಾ ಪ್ರತಿ ಬೇಸಿಗೆ ಅಲ್ಲಿಗೆ ಹೋಗ್ತಾಳೆ. ಅವಳು ರಸ್ತೇಲಿ ನಡೆದಾಗಲೆಲ್ಲ ಜನ, ಇವಳ ಅಜ್ಜಿಯೇ ಅಲ್ವಾ ಹಾಗೆ ಮಾಡಿದ್ದು ಅನ್ನಬಾರದು. ಅನ್ನೋದಾದ್ರೆ ನನ್ನನ್ನ ಅನ್ನಲಿ."

ಅತ್ತಿಗೆ ಎದ್ದಳು. ಕುರ್ಚಿ ಹಿಂದಕ್ಕೆ ಬಿತ್ತು. "ಆ ಟೆರೀಸಾ ನಂಬರ್ ಒತ್ತಿ ಕೊಡು. ಈಗಲೇ ಕೊಡು. ನಾನು ಹೇಳ್ತೀನಿ. ಹುಡುಗಿಗೆ ಗೊತ್ತೇ ಇರಲಿಲ್ಲ, ಮುಚ್ಚಿಟ್ಟೋಳು ನಾನು, ಫೋನ್ ಎತ್ತದೇ ಇದ್ದೋಳೂ ನಾನು ಅಂತ ಅವಳ ಪೇಪರಿನಲ್ಲಿ ಹಾಕ್ಲಿ. ಊರೆಲ್ಲ ನನಗೆ ಉಗೀಲಿ. ನಾನು ತಡ್ಕೋತೀನಿ."

ಸಂದೀಪ್ ಹೆಂಡತಿಯ ಮುಖ ನೋಡಿದ. ಕೊಟ್ಟುಬಿಡು ಅನ್ನುವ ಹಾಗಿತ್ತು ಅವನ ನೋಟ. ನನಗೂ ಹಾಗೇ ಅನ್ನಿಸಿತು. ಹೇಳಿಕೊಂಡರೆ ಎರಡೂ ಕಡೆಗೆ ಒಳ್ಳೆಯದಲ್ಲವೇ?

ಗ್ರಾನ್ಯಾ ಕೈ ತೊಳೆದುಕೊಂಡು ಬಂದಳು. ಬಿದ್ದ ಕುರ್ಚಿಯನ್ನು ಎತ್ತಿ ನಿಲ್ಲಿಸಿ, ಅತ್ತಿಗೆಯ ಭುಜ ಹಿಡಿದು ಮೆಲ್ಲಗೆ ಕೂರಿಸಿದಳು. ಆಮೇಲೆ ಕನ್ನಡದಲ್ಲೇ, ಒಂದೊಂದೇ ಮಾತನ್ನು ಜೋಡಿಸಿಕೊಂಡು ಹೇಳಿದಳು.

"ಬೇಡ ಅತ್ತೆ. ಹೇಳಿದ್ರೆ ನಿಮಗೆ ಹಗುರ ಆಗುತ್ತೆ. ನಿಮಗೆ ಹಗುರ ಆಗೋದು ನನಗೆ ಬೇಡ."

ಅವಳು ಮೇಲೆ ಹೋಗಿ ಬಾಗಿಲು ಹಾಕಿಕೊಂಡಳು. ಅತ್ತಿಗೆ ನನ್ನ ಮುಖ ನೋಡಿದಳು, ನಾನಾದರೂ ಒಂದು ಸಮಾಧಾನದ ಮಾತು ಹೇಳಲಿ ಅಂತ. ನನಗೆ ಹೇಳಬೇಕು ಅನ್ನಿಸಲಿಲ್ಲ.